ಸೆವೆನ್ಸ್ ಫೈನಲ್‌ಗೂ ಗ್ಯಾಲರಿ ತುಂಬಲಿಲ್ಲ: ಬರುವುದು ಬಿಟ್ಟವರು ಕಾರಣ ಹೇಳಿ

ಸ್ಟಾಪರ್ ಬ್ಯಾಕ್ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ಸಿದ್ದಾಪುರ ಕಡೆಯವನು. ನಮ್ಮೂರ ಸೆವೆನ್ಸ್ (ತಂಡಕ್ಕೆ ಏಳು ಜನ ಆಡುವ ಫುಟ್‌ಬಾಲ್) ಟೂರ್ನಿ ಮುಗಿದು ಎರಡು ವಾರ ಆಯಿತು. ಕಮಿಟಿಯಲ್ಲಿ ಟಿಕೆಟ್ ಕೌಂಟರ್ ನನ್ನ ಜವಾಬ್ದಾರಿ. ಹದಿಮೂರು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದೇನೆ.

ಈ ಸಲ ಫೈನಲ್ ದಿನ ಕೌಂಟರ್ ಮುಚ್ಚಿ ಒಳಗೆ ಬಂದೆ. ಲೈಟ್ ಬೆಳಕಿಗೆ ಗ್ಯಾಲರಿಯ ಹಲಗೆಗಳು ಸಾಲಾಗಿ ಕಾಣುತ್ತಿದ್ದವು. ಮೊದಲೆಲ್ಲ ಆ ಹಲಗೆ ಕಣ್ಣಿಗೆ ಬೀಳುತ್ತಿದ್ದುದು ಮಾರನೇ ದಿನ ಬಿಚ್ಚುವಾಗ ಮಾತ್ರ. ಫೈನಲ್ ದಿನ ಟಿಕೆಟ್ ಪುಸ್ತಕ ಸಾಲದೆ ಪ್ರೆಸ್‌ಗೆ ಓಡಿದ ವರ್ಷಗಳಿವೆ. ಈ ಸಲ ಮೂರು ಪುಸ್ತಕ ಬಿಚ್ಚದೇ ಉಳಿದವು. ಅವು ಇನ್ನೂ ನಮ್ಮ ಮನೆ ಕಪಾಟಿನಲ್ಲಿವೆ.

ಟಿಕೆಟ್ 50 ರೂಪಾಯಿ. ಅದು ಜಾಸ್ತಿ ಆಯಿತು ಎಂದು ಕೌಂಟರ್‌ನಲ್ಲಿ ಒಬ್ಬರೂ ಹೇಳಲಿಲ್ಲ. ಹೇಳಿದ್ದರೆ ಸಮಾಧಾನ ಆಗುತ್ತಿತ್ತು, ಇಳಿಸಬಹುದಿತ್ತು. ಬಂದ ಹಣದಲ್ಲಿ ಗ್ಯಾಲರಿ ಬಾಡಿಗೆ, ಜನರೇಟರ್ ಇಷ್ಟಕ್ಕೇ ಮುಗಿಯಿತು. ರೆಫರಿಗಳ ಸಂಬಳ, ಗೆಸ್ಟ್ ಪ್ಲೇಯರ್‌ಗಳ (ತಂಡಗಳು ಹೊರಗಿನಿಂದ ಕರೆಸುವ ಆಟಗಾರರ) ಊಟ ವಸತಿ, ಬಹುಮಾನ ಎಲ್ಲಾ ಕಾಫಿ ವ್ಯಾಪಾರಿಗಳು, ಅಂಗಡಿಯವರು ಕೊಟ್ಟ ಹಣದಿಂದ ನಡೆಯಿತು. ಅವರೂ ಮುಂದಿನ ವರ್ಷ ಕೊಡುತ್ತಾರೆ ಅನ್ನುವ ನಂಬಿಕೆ ಇಲ್ಲ. ಖಾಲಿ ಗ್ಯಾಲರಿ ಮುಂದೆ ಬ್ಯಾನರ್ ಕಟ್ಟಿ ಯಾರಿಗೆ ಏನು ಲಾಭ, ಅಲ್ವಾ?

ಕಮಿಟಿ ಸಭೆಯಲ್ಲಿ ಮೂರು ಮಾತು ಬಂತು. ಒಬ್ಬರು ಮೊಬೈಲ್ ಎಂದರು. ಒಬ್ಬರು ಇನ್ನೂ ದೊಡ್ಡ ಗೆಸ್ಟ್ ಪ್ಲೇಯರ್ ತರಿಸೋಣ ಎಂದರು. ಇನ್ನೊಬ್ಬರು ಟಿಕೆಟ್ಟೇ ತೆಗೆದುಬಿಡೋಣ ಎಂದರು. ನನಗೆ ಯಾವುದೂ ಸರಿ ಅನ್ನಿಸಲಿಲ್ಲ. ಸಭೆಯಲ್ಲಿ ಇದ್ದವರೆಲ್ಲ ಮೈದಾನಕ್ಕೆ ಬರುವವರೇ. ಬರದೇ ಇರುವವರನ್ನು ಯಾರೂ ಕೇಳಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಬರುತ್ತಿದ್ದು ಬಿಟ್ಟವರು ದಯವಿಟ್ಟು ಕಾರಣ ಹೇಳಿ. ಬೇಜಾರು ಮಾಡಿಕೊಳ್ಳುವುದಿಲ್ಲ.

ಮಂಜಿನೂರು

ಮಡಿಕೇರಿಯಿಂದ. ನಾನು ಬಿಟ್ಟವರಲ್ಲಿ ಒಬ್ಬ. ಐಪಿಎಲ್ ಮ್ಯಾಚ್ ಸಂಜೆ 7:30ಕ್ಕೆ ಶುರು ಆಗುತ್ತದೆ. ಕಾಫಿ ಕುಯ್ಲು ಮುಗಿದು ಮಳೆ ಹಿಡಿಯುವ ತನಕದ ಅದೇ ಎರಡು ತಿಂಗಳಲ್ಲಿ ನಮ್ಮ ಟೂರ್ನಿಗಳೂ ಬರುತ್ತವೆ. ಮನೆಯಲ್ಲಿ ಕೂತು ನೋಡುವುದು ಸುಲಭ. ಯುರೋಪಿನ ಫುಟ್‌ಬಾಲ್ ಕೂಡ ಫೋನಲ್ಲೇ ಸಿಗುತ್ತದೆ. ಅಂಥ ಆಟ ನೋಡಿದ ಕಣ್ಣಿಗೆ ನಮ್ಮ ಮೈದಾನದ ಆಟ ನಿಧಾನ ಅನ್ನಿಸುತ್ತದೆ. ಇದ್ದದ್ದನ್ನು ಹೇಳಿದೆ.

ನಾಪೋಕ್ಲು ನೋಟ

ಮೊಬೈಲ್ ಕಾರಣ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅದೇ ತಿಂಗಳಲ್ಲಿ, ಅದೇ ಐಪಿಎಲ್ ನಡೆಯುವಾಗ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಜನ ಹೇಗೆ ಬರುತ್ತಾರೆ? 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದಾಗ 60 ಕುಟುಂಬ ಇತ್ತು. 2024ರಲ್ಲಿ ನಮ್ಮ ನಾಪೋಕ್ಲಿನ ಕುಂಡ್ಯೋಳಂಡ ಕುಟುಂಬದವರು ನಡೆಸಿದ ಕಪ್‌ನಲ್ಲಿ 360 ತಂಡ ಆಡಿ ಗಿನ್ನೆಸ್ ದಾಖಲೆ ಆಯಿತು. ಮರುವರ್ಷ ಮಡಿಕೇರಿಯ ಮುದ್ದಂಡ ಕಪ್‌ಗೆ 396 ತಂಡ. ಮೊಬೈಲ್ ಬಂದ ಮೇಲೆ ಅಲ್ಲಿ ಜನ ಕಡಿಮೆ ಆಗಲಿಲ್ಲ. ಅಜ್ಜಿಯಂದಿರು ಬೆಂಗಳೂರಿಂದ ಬಂದು ಕೊಡೆ ಹಿಡಿದು ಬಿಸಿಲಲ್ಲಿ ಕೂರುತ್ತಾರೆ.

ಲೆಕ್ಕದ ಪುಸ್ತಕ

ಅದಕ್ಕೆ ಟಿಕೆಟ್ ಇಲ್ಲ ನೋಡಿ. ಜೊತೆಗೆ ಮೈದಾನದಲ್ಲಿ ಆಡುವವನು ತಮ್ಮನೋ, ಸೊಸೆಯೋ ಆಗಿರುತ್ತಾರೆ. ಸೆವೆನ್ಸ್‌ಗೆ ಅದನ್ನು ಹೋಲಿಸಿದರೆ ಹೇಗೆ?

ನಾಪೋಕ್ಲು ನೋಟ

ನಾನು ಹೇಳುತ್ತಿರುವುದೂ ಅದೇ. ನಮ್ಮವರು ಆಡಿದರೆ ಜನ ಬರುತ್ತಾರೆ. ಈಗ ನಿಮ್ಮ ಫೈನಲ್‌ನಲ್ಲಿ ಎರಡು ತಂಡದ ಹದಿನಾಲ್ಕು ಜನರಲ್ಲಿ ನಿಮ್ಮ ಊರಿನವರು ಎಷ್ಟು ಮಂದಿ ಇದ್ದರು, ಸ್ಟಾಪರ್?

ಸ್ಟಾಪರ್ ಬ್ಯಾಕ್

ಇಬ್ಬರು. ಒಬ್ಬ ಗೋಲಿ (ಗೋಲ್ ಕೀಪರ್). ಇನ್ನೊಬ್ಬ ಕೊನೆಯ ಹತ್ತು ನಿಮಿಷಕ್ಕೆ ಬಂದ.

ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಬರೆಯುವಾಗ ನನಗೇ ಕಷ್ಟ ಆಯಿತು.

ಹಳೇ ಗೋಲಿ

ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ. 80ರ ದಶಕದ ಕೊನೆಯಿಂದ ಹದಿನೈದು ವರ್ಷ ಗೋಲಿಯಾಗಿ ಆಡಿದೆ. ಸುಂಟಿಕೊಪ್ಪ, ವಿರಾಜಪೇಟೆ, ಅಮ್ಮತ್ತಿ, ಗಡಿ ಆಚೆ ಇರಿಟ್ಟಿ ತನಕ. ಈಗ ಮೊಣಕಾಲು ಕೇಳುವುದಿಲ್ಲ. ಆದರೆ ಪಂದ್ಯ ಇದ್ದರೆ ಹೋಗಿ ಗೋಲ್ ಪೋಸ್ಟ್ ಹಿಂದೆ ನಿಲ್ಲುತ್ತೇನೆ.

ಈ ವರ್ಷ ಒಂದು ಕ್ವಾರ್ಟರ್ ಫೈನಲ್ ನೋಡಿದೆ. ಊರು ಯಾವುದು ಎಂದು ಬೇಡ. ಏಳು ಗಂಟೆಗೆ ಕಿಕ್ ಆಫ್ ಎಂದು ಪೋಸ್ಟರ್‌ನಲ್ಲಿತ್ತು. ಎಂಟೂ ಕಾಲಿಗೆ ಚೆಂಡು ಉರುಳಿತು. ನಡುವೆ ಭಾಷಣ, ಹಾರ, ಶಾಲು, ಮತ್ತೆ ಭಾಷಣ. ಆಟಗಾರರನ್ನು ಸಾಲಾಗಿ ನಿಲ್ಲಿಸಿ ಕೈ ಕುಲುಕಿಸುವುದಕ್ಕೇ ಇಪ್ಪತ್ತು ನಿಮಿಷ. ಆಮೇಲೆ ಒಂದು ತಂಡ ಐದನೇ ನಿಮಿಷಕ್ಕೆ ಗೋಲು ಹೊಡೆಯಿತು. ಅಲ್ಲಿಗೆ ಆಟ ಮುಗಿಯಿತು. ಉಳಿದ ಹೊತ್ತು ಚೆಂಡು ಮೂಲೆಗೆ ತಗೊಂಡು ಹೋಗಿ ಬೆನ್ನು ಕೊಟ್ಟು ನಿಲ್ಲುವುದು. ಗೋಲಿ ಬೀಳುವುದು. ಫಿಸಿಯೋ ಓಡಿ ಬರುವುದು. ಚೆಂಡು ತೋಟಕ್ಕೆ ಹೋದರೆ ಅಲ್ಲೇ ಇರುವ ಇನ್ನೊಂದು ಚೆಂಡು ಕೊಡದೆ ಕಾಯುವುದು. ಒಂದು ಫೌಲ್‌ಗೆ ರೆಫರಿ ಸುತ್ತ ಎಲ್ಲರೂ ನಿಂತು ಹತ್ತು ನಿಮಿಷ ಜಗಳ. ನಾನು ಕೈಗಡಿಯಾರ ಹಿಡಿದು ನೋಡಿದೆ. ಎರಡನೇ ಅರ್ಧದಲ್ಲಿ ಚೆಂಡು ಓಡಾಡಿದ್ದು ಒಂಬತ್ತು ನಿಮಿಷ ಚಿಲ್ಲರೆ. 50 ರೂಪಾಯಿಗೆ ಇದು ಮೋಸ. ಜನ ಟಿಕೆಟ್ ತಗೊಂಡು ಒಮ್ಮೆ ಸಹಿಸುತ್ತಾರೆ, ಎರಡು ಸಲ ಸಹಿಸುತ್ತಾರೆ. ಮೂರನೇ ಸಲ ಮನೆಯಲ್ಲೇ ಇರುತ್ತಾರೆ.

ಇದು ನಮ್ಮಲ್ಲಿ ಮಾತ್ರ ಆಗಿದ್ದಲ್ಲ. 1990ರ ಇಟಲಿ ವಿಶ್ವಕಪ್ ನೆನಪಿದೆಯಾ? 52 ಪಂದ್ಯಕ್ಕೆ 115 ಗೋಲು. ವಿಶ್ವಕಪ್ ಇತಿಹಾಸದಲ್ಲೇ ಅತಿ ಕಡಿಮೆ ಸರಾಸರಿ ಅದು. ಒಂದು ಗೋಲು ಮುಂದೆ ಇರುವ ತಂಡ ಚೆಂಡನ್ನು ಗೋಲಿಗೆ ಕೊಡುವುದು, ಗೋಲಿ ಕೈಯಲ್ಲಿ ಹಿಡಿಯುವುದು, ಮತ್ತೆ ಬಿಡುವುದು, ಮತ್ತೆ ಹಿಡಿಯುವುದು. ನಾನೂ ಗೋಲಿಯಾಗಿ ಅದನ್ನು ಮಾಡಿದ್ದೇನೆ, ಸುಳ್ಳು ಹೇಳುವುದಿಲ್ಲ. 1992ರಲ್ಲಿ ಬ್ಯಾಕ್ ಪಾಸ್ ನಿಯಮ ತಂದರು. ಸ್ವಂತ ಆಟಗಾರ ಕಾಲಲ್ಲಿ ಕೊಟ್ಟ ಚೆಂಡನ್ನು ಗೋಲಿ ಕೈಯಲ್ಲಿ ಮುಟ್ಟುವ ಹಾಗಿಲ್ಲ. ಗೆದ್ದರೆ ಎರಡು ಅಂಕದ ಬದಲು ಮೂರು ಅಂಕ ಕೊಡುವುದನ್ನು ಇಂಗ್ಲೆಂಡ್ 1981ರಲ್ಲೇ ಶುರು ಮಾಡಿತ್ತು. ವಿಶ್ವಕಪ್‌ಗೆ ಅದು 1994ರಲ್ಲಿ ಬಂತು. ಆ ವರ್ಷ ಅಮೆರಿಕದಲ್ಲಿ ಅಷ್ಟೇ 52 ಪಂದ್ಯಕ್ಕೆ 141 ಗೋಲು ಬಂತು. ಆಟ ಬೇಸರ ಆಗುತ್ತಿದೆ ಎಂದು ಒಪ್ಪಿಕೊಂಡು ನಿಯಮ ಬದಲಿಸಿದರು. ನಾವು ಒಪ್ಪಿಕೊಳ್ಳುವುದೇ ಇಲ್ಲ.

ಸೆವೆನ್ಸ್ ಅಂದರೆ ಬೇಸರ ಆಗಲೇಬಾರದ ಆಟ. ಚಿಕ್ಕ ಮೈದಾನ, ಏಳೇ ಜನ, ಆಫ್‌ಸೈಡ್ ಇಲ್ಲ. ಗೋಲಿಯ ಒಂದು ಥ್ರೋಗೆ ಚೆಂಡು ಆಚೆ ಗೋಲ್ ಬಾಯಿಯಲ್ಲಿರುತ್ತದೆ. ಅಂಥ ಆಟವನ್ನೂ ನಿಲ್ಲಿಸಿ ಸಾಯಿಸಿದ್ದೇವೆ.

ಜೀಪ್ ದಾರಿ

ಹಳೇ ಗೋಲಿ ಅವರ ಎಂಟೂ ಕಾಲು ಗಂಟೆಯ ಮಾತನ್ನು ಎಲ್ಲರೂ ಇನ್ನೊಮ್ಮೆ ಓದಿ.

ನಾನು ಜೀಪ್ ಓಡಿಸುವವನು. ತೋಟದ ಕೆಲಸಗಾರರ ಲೈನ್ ಮನೆಗಳಿಂದ ಹುಡುಗರನ್ನು ಮ್ಯಾಚ್‌ಗೆ ಕರೆದುಕೊಂಡು ಬರುತ್ತಿದ್ದೆ. ಸಿದ್ದಾಪುರ, ನೆಲ್ಲಿಹುದಿಕೇರಿ, ಪಾಲಿಬೆಟ್ಟ ಕಡೆ ಕತ್ತಲಾದ ಮೇಲೆ ಆನೆ ರಸ್ತೆಗೆ ಬರುತ್ತದೆ. ಇದು ಇಲ್ಲಿ ಎಲ್ಲರಿಗೂ ಗೊತ್ತು. ತೋಟದೊಳಗಿನ ದಾರಿಯಲ್ಲಿ ಎರಡು ಕಡೆ ಕಾಫಿ ಗಿಡ, ತಿರುವಿನಲ್ಲಿ ಏನಿದೆ ಎಂದು ಕಾಣುವುದಿಲ್ಲ. ಎರಡು ವರ್ಷದ ಹಿಂದೆ ರಾತ್ರಿ ಹನ್ನೊಂದೂವರೆಗೆ ಒಂಬತ್ತು ಹುಡುಗರನ್ನು ಕೂರಿಸಿಕೊಂಡು ವಾಪಸ್ ಹೋಗುವಾಗ ಮುಂದೆ ಒಂಟಿ ಸಲಗ ನಿಂತಿತ್ತು. ಇಂಜಿನ್ ಆಫ್ ಮಾಡಿ ಮುಕ್ಕಾಲು ಗಂಟೆ ಉಸಿರು ಹಿಡಿದು ಕೂತೆವು. ಹಿಂದಿನ ಸೀಟಿನಲ್ಲಿ ಒಬ್ಬ ಹುಡುಗ ಸದ್ದಿಲ್ಲದೆ ಅಳುತ್ತಿದ್ದ. ಆ ದಿನದಿಂದ ನಾನು ಮ್ಯಾಚ್ ಟ್ರಿಪ್ ಹೊಡೆಯುವುದು ನಿಲ್ಲಿಸಿದೆ. ನನ್ನಂಥ ಇನ್ನೂ ಮೂರು ಜೀಪಿನವರು ನಿಲ್ಲಿಸಿದ್ದಾರೆ.

ಒಂದು ಜೀಪಿಗೆ ಎಂಟು ಹತ್ತು ಜನ ಎಂದು ಲೆಕ್ಕ ಹಾಕಿ. ಎರಡು ಟ್ರಿಪ್. ನಾಲ್ಕು ಜೀಪು. ನಿಮ್ಮ ಮೂರು ಟಿಕೆಟ್ ಪುಸ್ತಕದಲ್ಲಿ ಒಂದು ಪುಸ್ತಕದ ಲೆಕ್ಕ ಇಲ್ಲೇ ಸಿಕ್ಕಿತು. ಅವರಿಗೆ ಫುಟ್‌ಬಾಲ್ ಮೇಲೆ ಪ್ರೀತಿ ಕಡಿಮೆ ಆಗಿಲ್ಲ. ಅಸ್ಸಾಂ, ಬಂಗಾಳದಿಂದ ಕೆಲಸಕ್ಕೆ ಬಂದ ಹುಡುಗರು ಲೈನ್ ಮನೆ ಮುಂದೆ ದಿನಾ ಸಂಜೆ ಆಡುತ್ತಾರೆ. ಹೋಗಿ ನೋಡಿ.

ನೆಲ್ಲಿಹುದಿಕೇರಿ ಅಕ್ಕ

ಹೆಣ್ಣುಮಕ್ಕಳ ಮಾತು ಯಾರೂ ಎತ್ತಲಿಲ್ಲ. ನಾನೇ ಹೇಳುತ್ತೇನೆ.

ನನ್ನ ಅಪ್ಪ ಫುಟ್‌ಬಾಲ್ ಆಡುತ್ತಿದ್ದರು. ಚಿಕ್ಕವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಈಗ ನನ್ನ ಮಗಳಿಗೆ ಹದಿಮೂರು. ಶಾಲೆ ತಂಡದಲ್ಲಿ ಆಡುತ್ತಾಳೆ. ಅವಳನ್ನು ಕರೆದುಕೊಂಡು ಒಂದು ಟೂರ್ನಿಗೆ ಹೋದೆ. ಕೂರುವುದಕ್ಕೆ ಬೇರೆ ಜಾಗ ಇರಲಿಲ್ಲ. ಗ್ಯಾಲರಿಯ ಮೇಲಿನ ಸಾಲಿನಿಂದ ಬರುವ ಬೈಗುಳ ಕೇಳಿ ಅವಳ ಕಿವಿ ಮುಚ್ಚಬೇಕು ಅನ್ನಿಸಿತು. ಶೌಚಾಲಯ ಎಂದು ಕೇಳಿದರೆ ಮೈದಾನದ ಹಿಂದೆ ಕೈ ತೋರಿಸಿದರು. ಹಾಫ್ ಟೈಮ್‌ಗೇ ಎದ್ದು ಬಂದೆವು. ಅವಳು ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ.

ಅರ್ಧ ಊರು ಹೆಂಗಸರೇ ಇದ್ದೇವೆ. ನಮಗೆ ಜಾಗ ಇಲ್ಲದ ಗ್ಯಾಲರಿ ಹೇಗೆ ತುಂಬುತ್ತದೆ? ಹಾಕಿ ಹಬ್ಬದಲ್ಲಿ ಹೆಣ್ಣುಮಕ್ಕಳು ಗಂಡಸರ ಜೊತೆಗೇ ಆಡುತ್ತಾರೆ. ಅದಕ್ಕೇ ಇಡೀ ಮನೆ ಬರುತ್ತದೆ. ಒಂದು ಮನೆಯಿಂದ ಒಬ್ಬ ಬಂದರೆ ಒಂದು ಟಿಕೆಟ್. ಮನೆ ಬಂದರೆ ಐದು.

ವೆಸ್ಟ್ ಬ್ಲಾಕ್‌ನಿಂದ

ಕುಶಾಲನಗರದವನು, ಕೆಲಸಕ್ಕೆ ಬೆಂಗಳೂರಲ್ಲಿದ್ದೇನೆ. ದೊಡ್ಡ ಫುಟ್‌ಬಾಲ್‌ನಲ್ಲೂ ಇದೇ ಕಥೆ. ಅಲ್ಲಿಂದ ನಮಗೆ ಕಲಿಯುವುದಿದೆ ಅನ್ನಿಸಿ ಬರೆಯುತ್ತಿದ್ದೇನೆ.

2014ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಶುರುವಾದಾಗ ಡೆಲ್ ಪಿಯೆರೊ, ಪಿರೆಸ್, ಟ್ರೆಜೆಗೆ, ಅನೆಲ್ಕಾ ಅಂಥ ಯುರೋಪಿನ ತಾರೆಗಳನ್ನೆಲ್ಲ ತಂದರು. ಅವರು ಆಟದ ಜೀವನದ ಕೊನೆಗೆ ಬಂದಿದ್ದರು. ಆದರೂ ಹೆಸರು ನೋಡಿ ಜನ ಮುಗಿಬಿದ್ದರು. ಮೊದಲ ಎರಡು ವರ್ಷ ಪಂದ್ಯಕ್ಕೆ ಸರಾಸರಿ 25 ಸಾವಿರದ ಆಸುಪಾಸು ಇತ್ತು. ಐದಾರು ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಹೊಸತನ ಹೋಯಿತು. ಎರಡೂವರೆ ತಿಂಗಳ ಟೂರ್ನಿ ಐದು ತಿಂಗಳಾಯಿತು. ವಾರದ ನಡುವೆ ರಾತ್ರಿ ಪಂದ್ಯ ಇಟ್ಟರೆ ಮಾರನೇ ದಿನ ಕೆಲಸ, ಶಾಲೆ ಇರುವವರು ಹೇಗೆ ಬರುತ್ತಾರೆ? ನಮ್ಮ ಗೆಸ್ಟ್ ಪ್ಲೇಯರ್ ಕಥೆಯೂ ಹೀಗೇ ಅಲ್ವಾ? ಮೊದಲ ವರ್ಷ ಘಾನಾದ ಆಟಗಾರ ಬಂದಿದ್ದಾನೆ ಎಂದರೆ ಊರೇ ಬಂತು. ಹತ್ತನೇ ವರ್ಷಕ್ಕೆ ಯಾರಿಗೂ ಅದು ಸುದ್ದಿ ಅಲ್ಲ.

ಬೆಂಗಳೂರು ಎಫ್‌ಸಿ ಕ್ಲಬ್ ಬೇರೆ ದಾರಿಯಲ್ಲಿ ಬಂತು. 2013ರಲ್ಲಿ ಶುರುವಾದಾಗ ಅಶೋಕನಗರದ ಹಳೇ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಡುತ್ತಿದ್ದರು. ಚಿಕ್ಕ ಜಾಗ. ಆಟಗಾರರು ಪಂದ್ಯ ಮುಗಿದ ಮೇಲೆ ನಮ್ಮ ಹತ್ತಿರ ಬಂದು ಚಪ್ಪಾಳೆ ತಟ್ಟುತ್ತಿದ್ದರು. ಮೊದಲ ವರ್ಷವೇ ಆಗಿನ ರಾಷ್ಟ್ರೀಯ ಲೀಗ್ ಆದ ಐ ಲೀಗ್ ಗೆದ್ದರು. ನಾವು ಹಾಡು ಕಟ್ಟಿದೆವು, ಪಶ್ಚಿಮದ ಬ್ಲಾಕ್ ನಮ್ಮದಾಯಿತು. ಕಂಠೀರವ ಸ್ಟೇಡಿಯಂಗೆ ಹೋದಮೇಲೂ ಆ ಗುಂಪು ಉಳಿಯಿತು. ತಂಡ ಸೋಲುತ್ತಿದ್ದ ವರ್ಷಗಳಲ್ಲಿ ಜನ ತೀರಾ ಕಡಿಮೆಯಾದದ್ದೂ ನೋಡಿದ್ದೇನೆ. ಆದರೆ ಆ ಬ್ಲಾಕ್ ಖಾಲಿ ಆಗಿದ್ದು ನೋಡಿಲ್ಲ.

2018ರ ಜೂನ್ 1. ಮುಂಬೈನಲ್ಲಿ ಭಾರತ ಚೈನೀಸ್ ತೈಪೆಯನ್ನು 5-0 ಸೋಲಿಸಿತು. ನಾಯಕ ಸುನಿಲ್ ಛೆಟ್ರಿ ಹ್ಯಾಟ್ರಿಕ್. ನೋಡಿದವರು 2,569 ಜನ. ಮಾರನೇ ದಿನ ಛೆಟ್ರಿ ವಿಡಿಯೋ ಹಾಕಿದರು. ಬೈಯುವುದಿದ್ದರೂ ಮೈದಾನಕ್ಕೆ ಬಂದು ಬೈಯಿರಿ, ಆದರೆ ಬನ್ನಿ ಎಂದು ಕೈ ಮುಗಿದು ಕೇಳಿಕೊಂಡರು. ಜೂನ್ 4ರ ಕೀನ್ಯಾ ಪಂದ್ಯಕ್ಕೆ ಟಿಕೆಟ್ ಎಲ್ಲಾ ಖಾಲಿ. ಮಳೆಯಲ್ಲಿ ನೆನೆದು ನೋಡಿದರು. ಅದು ಛೆಟ್ರಿಯ ನೂರನೇ ಪಂದ್ಯ, 3-0 ಗೆಲುವು. ಬಿಡುವು ಸಿಕ್ಕಾಗ ಆ ವಿಡಿಯೋ ಮತ್ತೆ ನೋಡುತ್ತೇನೆ. ಗಂಟಲು ಕಟ್ಟುತ್ತದೆ.

ಲೆಕ್ಕದ ಪುಸ್ತಕ

ಛೆಟ್ರಿ ಕೇಳಿದರು, ಜನ ಬಂದರು. ಆದರೆ ಎಷ್ಟು ದಿನ ಬಂದರು? ಪ್ರತಿ ಪಂದ್ಯಕ್ಕೂ ನಾಯಕ ಕೈ ಮುಗಿದು ಕೇಳಲು ಆಗುತ್ತದೆಯೇ? ಕೇಳಿ ಕರೆಸಿದವರನ್ನು ಉಳಿಸಿಕೊಳ್ಳುವ ವ್ಯವಸ್ಥೆ ಇರಲಿಲ್ಲ. 2025ರ ಜುಲೈನಲ್ಲಿ ಐಎಸ್‌ಎಲ್ಲನ್ನೇ ತಡೆಹಿಡಿದರು. ಭಾರತದ ಫುಟ್‌ಬಾಲ್ ಫೆಡರೇಶನ್ ಮತ್ತು ಲೀಗ್ ನಡೆಸುವ ಕಂಪನಿ ನಡುವಿನ 15 ವರ್ಷದ ಒಪ್ಪಂದ ಆ ಡಿಸೆಂಬರ್‌ಗೆ ಮುಗಿಯುತ್ತಿತ್ತು, ಹೊಸದು ಆಗಿರಲಿಲ್ಲ. ಗೇಟ್ ಹಣದ ಮೇಲೆ ಒಂದು ಕ್ಲಬ್ಬೂ ನಿಂತಿಲ್ಲ. ಟಿವಿ, ಪ್ರಾಯೋಜಕರು, ಮಾಲೀಕರ ಜೇಬು. ಇವು ಅಲುಗಾಡಿದರೆ ಎಲ್ಲಾ ಅಲುಗಾಡುತ್ತದೆ.

ನಾನು ಇನ್ನೊಂದು ಊರಿನ ಕ್ಲಬ್‌ನ ಖಜಾಂಚಿ. ನಮ್ಮಲ್ಲಿ ಅತಿ ದೊಡ್ಡ ಖರ್ಚು ಬಹುಮಾನದ ಹಣ. ಅದು ಯಾಕೆ ಏರಿತು? ಪಕ್ಕದ ಊರಿಗಿಂತ ನಮ್ಮದು ಜಾಸ್ತಿ ಇರಲಿ ಎಂದು. ಬಹುಮಾನ ಏರಿದಂತೆ ತಂಡಗಳು ಗೆಲ್ಲಲೇಬೇಕು ಎಂದು ಗೆಸ್ಟ್‌ಗಳನ್ನು ತುಂಬಿದವು. ಗೆಸ್ಟ್ ತುಂಬಿದಂತೆ ಊರ ಹುಡುಗರು ಬೆಂಚಿಗೆ ಹೋದರು. ಅವರ ಅಪ್ಪ, ಅಣ್ಣ, ಗೆಳೆಯರು ಟಿಕೆಟ್ ತಗೊಳ್ಳುವುದು ನಿಲ್ಲಿಸಿದರು. ಟಿಕೆಟ್ ಮಾರಾಟ ಇಳಿದಾಗ ಖರ್ಚು ತುಂಬಲು ಇನ್ನೂ ದೊಡ್ಡ ಹೆಸರು ತರೋಣ ಎಂದೆವು. ನಮ್ಮ ಲೆಕ್ಕದ ಪುಸ್ತಕದಲ್ಲಿ ಇದು ವರ್ಷದಿಂದ ವರ್ಷಕ್ಕೆ ಕಾಣುತ್ತದೆ. ಆಗ ನಾನೂ ಕೈ ಎತ್ತಿ ಒಪ್ಪಿಗೆ ಕೊಟ್ಟವನೇ.

ಲೆಫ್ಟ್ ವಿಂಗ್

ಗೆಸ್ಟ್ ಪ್ಲೇಯರ್ ಬೇಡವೇ ಬೇಡ ಅನ್ನಬೇಡಿ ಅಣ್ಣ. ನಾನು ಹತ್ತೊಂಬತ್ತರ ಹುಡುಗ, ಆಡುವವನು. ಎದೆಯಲ್ಲಿ ಚೆಂಡು ಇಳಿಸಿ ತಿರುಗುವುದನ್ನು ನಾನು ಕಲಿತದ್ದು ಒಬ್ಬ ನೈಜೀರಿಯಾದ ಆಟಗಾರನನ್ನು ನೋಡಿ. ನಮ್ಮೂರಲ್ಲಿ ನಾಲ್ಕು ದಿನ ಇದ್ದ. ಬೆಳಿಗ್ಗೆ ನಮ್ಮ ಜೊತೆ ಮೈದಾನಕ್ಕೆ ಬಂದು ಕಲಿಸಿದ. ನನ್ನ ಹಳೇ ಶೂ ನೋಡಿ ಹೋಗುವಾಗ ತನ್ನ ಶೂ ಕೊಟ್ಟು ಹೋದ. ಅಂಥವರು ಬರಲಿ. ಆದರೆ ಏಳರಲ್ಲಿ ಐದು ಜನ ಅವರೇ ಆದರೆ ನಾವು ಎಲ್ಲಿ ಆಡಬೇಕು? ಇಬ್ಬರು ಸಾಕು. ಇಬ್ಬರ ಜೊತೆ ಆಡಿದರೆ ನಾವೂ ಬೆಳೆಯುತ್ತೇವೆ.

ಇರಿಟ್ಟಿ ಬಸ್

ವಿರಾಜಪೇಟೆಯವನು, ಮಾಕುಟ್ಟ ದಾಟಿ ಕಣ್ಣೂರು ಕಡೆ ಪಂದ್ಯ ನೋಡಲು ಹೋಗುತ್ತಿರುತ್ತೇನೆ. ಕೇರಳದಲ್ಲಿ ಹೇಗೆ ತುಂಬುತ್ತದೆ ಎಂದು ಎಲ್ಲರೂ ಕೇಳುತ್ತಾರೆ. 2022ರ ಏಪ್ರಿಲ್‌ನಲ್ಲಿ ಮಂಜೇರಿಯ ಪಯ್ಯನಾಡ್ ಸ್ಟೇಡಿಯಂಗೆ ಹೋಗಿದ್ದೆ, ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯ ಸೆಮಿಫೈನಲ್, ಕೇರಳ ಮತ್ತು ನಮ್ಮ ಕರ್ನಾಟಕ. ರಂಜಾನ್ ತಿಂಗಳು. ಉಪವಾಸ ಬಿಟ್ಟು ನೇರ ಮೈದಾನಕ್ಕೆ ಬಂದಿದ್ದರು. ಕಾಲಿಡಲು ಜಾಗ ಇರಲಿಲ್ಲ. ನಾವೇ ಮೊದಲ ಗೋಲು ಹೊಡೆದೆವು. ಆಮೇಲೆ ಜೆಸಿನ್ ಎಂಬ ಹುಡುಗ ಬದಲಿಯಾಗಿ ಬಂದು ಐದು ಗೋಲು ಹಾಕಿದ. 7-3ರಿಂದ ಸೋತೆವು. ಸೋತರೂ ಅಂಥ ರಾತ್ರಿ ಮರೆಯುವುದಿಲ್ಲ. ಜೆಸಿನ್ ಅದೇ ಮಲಪ್ಪುರಂ ಜಿಲ್ಲೆಯ ಹುಡುಗ. ಅವನು ಮೈದಾನಕ್ಕೆ ಇಳಿದಾಗ ಎದ್ದ ಸದ್ದು ಇನ್ನೂ ಕಿವಿಯಲ್ಲಿದೆ.

ಮುಂದಿನ ವರ್ಷ, 2023ರ ಮಾರ್ಚ್‌ನಲ್ಲಿ, ಕರ್ನಾಟಕ ಅದೇ ಸಂತೋಷ್ ಟ್ರೋಫಿ ಗೆದ್ದಿತು. ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷದ ಮೇಲೆ. ಆದರೆ ಫೈನಲ್ ನಡೆದದ್ದು ಸೌದಿಯ ರಿಯಾದ್‌ನಲ್ಲಿ. ನಮ್ಮ ಊರಲ್ಲಿ ಎಷ್ಟು ಜನಕ್ಕೆ ಗೊತ್ತಾಯಿತು? ಅದೇ ಫೈನಲ್ ಬೆಂಗಳೂರಲ್ಲೋ ಮೈಸೂರಲ್ಲೋ ನಡೆದಿದ್ದರೆ ನಾನು ಒಂದು ಬಸ್ ತುಂಬಿಸಿಕೊಂಡು ಹೋಗುತ್ತಿದ್ದೆ. ಇದು ನನಗೆ ಇವತ್ತಿಗೂ ನೋವಿನ ವಿಷಯ.

ಒಂದು ಎಚ್ಚರಿಕೆಯೂ ಇದೆ. 2022ರ ಮಾರ್ಚ್‌ನಲ್ಲಿ ಮಲಪ್ಪುರಂ ಜಿಲ್ಲೆಯಲ್ಲೇ ಸೆವೆನ್ಸ್ ಫೈನಲ್ ಒಂದರಲ್ಲಿ ತಾತ್ಕಾಲಿಕ ಗ್ಯಾಲರಿ ಕುಸಿದು ಬಹಳ ಜನಕ್ಕೆ ಗಾಯ ಆಯಿತು. ತುಂಬಿಸುವ ಆಸೆಯಲ್ಲಿ ಹಲಗೆ ಎಷ್ಟು ಭಾರ ತಡೆಯುತ್ತದೆ ಎಂಬುದನ್ನು ಮರೆಯಬೇಡಿ.

ಪಿಇ ಮೇಷ್ಟ್ರು

ಟಿಕೆಟ್ ತೆಗೆಯಬೇಕೇ ಎಂಬ ಪ್ರಶ್ನೆಗೆ ಬರುತ್ತೇನೆ. ತೆಗೆಯಬೇಡಿ. ಹಣ ಕೊಟ್ಟವನಿಗೆ ಕೇಳುವ ಹಕ್ಕು ಇರುತ್ತದೆ. ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್‌ನಲ್ಲಿ 2016ರ ಫೆಬ್ರವರಿಯಲ್ಲಿ ಒಂದು ಟಿಕೆಟ್ ದರ 77 ಪೌಂಡ್ ಮಾಡುತ್ತೇವೆ ಎಂದರು. ಅಭಿಮಾನಿಗಳು ಸಂಡರ್‌ಲ್ಯಾಂಡ್ ಎದುರಿನ ಪಂದ್ಯದಲ್ಲಿ 77ನೇ ನಿಮಿಷಕ್ಕೆ ಸಾವಿರಾರು ಜನ ಎದ್ದು ಹೊರಗೆ ನಡೆದರು. ಆಗ ತಂಡ 2-0 ಮುಂದಿತ್ತು, ಪಂದ್ಯ 2-2 ಆಯಿತು. ಕೆಲವೇ ದಿನದಲ್ಲಿ ಮಾಲೀಕರು ಕ್ಷಮೆ ಕೇಳಿ ದರ ವಾಪಸ್ ತಗೊಂಡರು. ಅವರು ಎದ್ದು ಹೋಗಿ ಹೇಳಿದರು. ನಮ್ಮ ಜನ ಬರದೇ ಹೇಳುತ್ತಿದ್ದಾರೆ.

ಇಂಗ್ಲೆಂಡಿನ ಲೀಗ್ ಕೂಡ ಒಮ್ಮೆ ಖಾಲಿಯಾಗಿತ್ತು. 1948-49ರಲ್ಲಿ ವರ್ಷಕ್ಕೆ 4 ಕೋಟಿ 12 ಲಕ್ಷ ಜನ ನೋಡಿದ್ದರು. 1985-86ಕ್ಕೆ ಅದು 1 ಕೋಟಿ 65 ಲಕ್ಷಕ್ಕೆ ಬಿತ್ತು. ಗಲಾಟೆ, ಮುರುಕು ಸ್ಟೇಡಿಯಂ, ಬೇಸರದ ಆಟ. 1985ರಲ್ಲಿ ಬ್ರಾಡ್‌ಫರ್ಡ್‌ನಲ್ಲಿ ಮರದ ಸ್ಟ್ಯಾಂಡ್‌ಗೆ ಬೆಂಕಿ ಬಿದ್ದು 56 ಜನ ಸತ್ತರು. ನೆಲ್ಲಿಹುದಿಕೇರಿ ಅಕ್ಕ ಹೇಳಿದ ಮಾತು ಓದಿದಾಗ ನನಗೆ ಅದೇ ಕಾಲ ನೆನಪಾಯಿತು. ಕೂರುವ ಜಾಗ ಸರಿ ಮಾಡಿದ ಮೇಲೆಯೇ ಅಲ್ಲಿ ಮನೆಮಂದಿ ವಾಪಸ್ ಬಂದದ್ದು. ಆಮೇಲೆ ಅವರೇ ಟಿಕೆಟ್ ದರವನ್ನು ಬಡವರ ಕೈಗೆ ಸಿಗದಷ್ಟು ಏರಿಸಿದರು, ಅದು ಬೇರೆ ನೋವು.

ಆಟ ನಿಲ್ಲಿಸುವವರಿಗೆ ಈಗ ಒಳ್ಳೆಯ ನಿಯಮ ಬಂದಿದೆ. 2025ರಿಂದ ಗೋಲಿ ಎಂಟು ಸೆಕೆಂಡಿಗಿಂತ ಜಾಸ್ತಿ ಚೆಂಡು ಕೈಯಲ್ಲಿ ಇಟ್ಟುಕೊಂಡರೆ ಎದುರಾಳಿಗೆ ಕಾರ್ನರ್. ರೆಫರಿ ಕೊನೆಯ ಐದು ಸೆಕೆಂಡನ್ನು ಬೆರಳಲ್ಲಿ ಎಣಿಸಿ ತೋರಿಸುತ್ತಾರೆ. ಶಾಲಾ ಪಂದ್ಯಗಳಲ್ಲಿ ನಾನು ಇದನ್ನು ಹಿಡಿದೇ ಆಡಿಸುತ್ತೇನೆ. ಮಕ್ಕಳು ಒಂದೇ ದಿನದಲ್ಲಿ ಕಲಿತರು. ಸುತ್ತ ನಿಂತ ಮಕ್ಕಳು ಜೊತೆಗೆ ಜೋರಾಗಿ ಎಣಿಸುತ್ತಾರೆ, ಅದೇ ಒಂದು ಆಟವಾಗಿದೆ. ಸೆವೆನ್ಸ್‌ಗೆ ಇದನ್ನು ಹಾಕಿ. ಗೋಲ್ ಹಿಂದೆ ಆರು ಚೆಂಡು ಇಡಿ. ಯಾರಾದರೂ ಬಿದ್ದರೆ ಗಡಿಯಾರ ನಿಲ್ಲಿಸಿ. ಖರ್ಚು ಏನೂ ಇಲ್ಲ.

ಮಂಜಿನೂರು

ಮೇಲೆ ಐಪಿಎಲ್ ಎಂದು ಬರೆದಿದ್ದೆ. ಎಲ್ಲಾ ಓದಿದ ಮೇಲೆ ಒಂದು ಒಪ್ಪಿಕೊಳ್ಳಬೇಕು. ಸುಂಟಿಕೊಪ್ಪದ ಗೋಲ್ಡ್ ಕಪ್‌ಗೆ ನಾನು ಐಪಿಎಲ್ ಬಿಟ್ಟು ಹೋಗಿದ್ದೇನೆ, ಅದೂ ಸಂಜೆ ಬೆಳಕಲ್ಲಿ, ಶಾಲಾ ಮೈದಾನದ ಸುತ್ತ ನಿಂತು. ನನ್ನ ಕಸಿನ್ ಆಡುತ್ತಿದ್ದ. ಹಾಗಾದರೆ ಕಾರಣ ಐಪಿಎಲ್ ಅಲ್ಲ ಅನ್ನಿಸುತ್ತದೆ.

ಸ್ಟಾಪರ್ ಬ್ಯಾಕ್

ಎಲ್ಲರಿಗೂ ಧನ್ಯವಾದ. ಎರಡು ದಿನದಿಂದ ಇದನ್ನೇ ಓದುತ್ತಿದ್ದೇನೆ. ಇವತ್ತು ಪ್ರಿಂಟ್ ತೆಗೆದು ಕಮಿಟಿಯ ಹಿರಿಯರಿಗೆ ಕೊಟ್ಟೆ. ಒಬ್ಬರಿಗೆ ಸಿಟ್ಟು ಬಂತು. ಗೆಸ್ಟ್ ಕಡಿಮೆ ಮಾಡಿದರೆ ದೊಡ್ಡ ತಂಡಗಳು ಬರುವುದಿಲ್ಲ, ಟೂರ್ನಿಯ ಮರ್ಯಾದೆ ಹೋಗುತ್ತದೆ ಎಂದರು. ಅವರ ಮಾತಲ್ಲೂ ಸತ್ಯ ಇದೆ. ಹತ್ತು ವರ್ಷ ಕಷ್ಟಪಟ್ಟು ಬೆಳೆಸಿದವರು ಅವರು. ಇನ್ನೊಬ್ಬರು ಆನೆ ವಿಷಯ ಓದಿ ಬಹಳ ಹೊತ್ತು ಸುಮ್ಮನೆ ಕೂತರು.

ಭಾನುವಾರ ಸಭೆ ಇದೆ. ನಾನು ಮೂರು ವಿಷಯ ಇಡುತ್ತೇನೆ. ಮೊದಲ ಪಂದ್ಯ ಸಂಜೆ ನಾಲ್ಕೂವರೆಗೆ, ಎರಡನೇದು ಆರಕ್ಕೆ, ಏಳೂವರೆಗೆ ಗೇಟ್ ಬಂದ್. ಭಾಷಣ ಫೈನಲ್ ಮುಗಿದ ಮೇಲೆ ಮಾತ್ರ. ತಂಡಕ್ಕೆ ಗೆಸ್ಟ್ ಪ್ಲೇಯರ್ ಇಬ್ಬರೇ, ಕನಿಷ್ಠ ಮೂವರು ಜಿಲ್ಲೆಯವರು ಎಲ್ಲಾ ಹೊತ್ತಲ್ಲೂ ಮೈದಾನದಲ್ಲಿ ಇರಬೇಕು. ಬೆಳಕಲ್ಲೇ ಮುಗಿದರೆ ಜನರೇಟರ್ ಖರ್ಚೂ ಅರ್ಧ ಉಳಿಯುತ್ತದೆ, ಅದು ನನಗೆ ಮೊದಲು ಹೊಳೆದಿರಲಿಲ್ಲ. ಆ ಹಣದಲ್ಲಿ ಹೆಂಗಸರ ಕಡೆಯ ಗ್ಯಾಲರಿಗೆ ಪರದೆ, ಶೌಚಾಲಯ ಮಾಡಿಸಬಹುದು. ಗೆಸ್ಟ್ ವಿಷಯ ಪಾಸ್ ಆಗುತ್ತದೆ ಎಂದು ಹೇಳಲಾರೆ. ಸಮಯದ ವಿಷಯಕ್ಕೆ ಮಾತ್ರ ಹಠ ಹಿಡಿಯುತ್ತೇನೆ.

ಹಳೇ ಗೋಲಿ

ಸಮಯ ನೋಡಿಕೊಳ್ಳಲು ಜನ ಬೇಕಿದ್ದರೆ ನಾನು ಬರುತ್ತೇನೆ. ಟಚ್ ಲೈನ್ ಪಕ್ಕ ಕುರ್ಚಿ, ಒಂದು ಗಡಿಯಾರ. ಸಂಬಳ ಬೇಡ.

ಜೀಪ್ ದಾರಿ

ಏಳೂವರೆಗೆ ಗೇಟ್ ಬಂದ್ ಎಂದು ಪೋಸ್ಟರ್‌ನಲ್ಲಿ ದೊಡ್ಡದಾಗಿ ಹಾಕಿಸಿ. ಹಾಗೇ ನಡೆದರೆ ನಾನು ಮತ್ತೆ ಟ್ರಿಪ್ ಹೊಡೆಯುತ್ತೇನೆ. ಉಳಿದ ಮೂವರನ್ನೂ ಕೇಳುತ್ತೇನೆ.

ನೆಲ್ಲಿಹುದಿಕೇರಿ ಅಕ್ಕ

ನಾಲ್ಕೂವರೆಗೂ ಮೊದಲು ಅರ್ಧ ಗಂಟೆ ಮೈದಾನ ಖಾಲಿ ಇರುತ್ತದೆ ಅಲ್ವಾ? ಮಗಳ ತಂಡದಲ್ಲಿ ಹನ್ನೊಂದು ಹುಡುಗಿಯರಿದ್ದಾರೆ. ಪಕ್ಕದ ಶಾಲೆಯಲ್ಲೂ ಆಡುವವರಿದ್ದಾರೆ. ಭಾನುವಾರದ ಸಭೆಯಲ್ಲಿ ಇದನ್ನೂ ಕೇಳಿ. ಅವಳಿಗೆ ಇನ್ನೂ ಹೇಳಿಲ್ಲ. ನಿಮ್ಮ ಉತ್ತರ ಬಂದ ಮೇಲೆ ಹೇಳುತ್ತೇನೆ.